ಕ್ಯಾಶುವಾಲ್ಟಿಯಲ್ಲಿ ಸೋಂಕು: ವಾರ್ಡಿನ ನಿಯಮ ಸಾಲದ ಕಡೆ

ಆಸ್ಪತ್ರೆಯೊಳಗೆ ಹರಡುವ ಸೋಂಕನ್ನು ತಡೆಯುವ ವಿದ್ಯೆ ಬೆಳೆದದ್ದು ವಾರ್ಡುಗಳಲ್ಲಿ. 1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ವೈದ್ಯರಿಂದ ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಸಿ ಬಾಣಂತಿಯರ ಸಾವನ್ನು ಇಳಿಸಿದರು. 1854ರಲ್ಲಿ ಸ್ಕುಟಾರಿಯ ಸೇನಾ ಆಸ್ಪತ್ರೆಗೆ ಹೋದ ಫ್ಲಾರೆನ್ಸ್ ನೈಟಿಂಗೇಲ್ ಗಾಳಿ, ನೀರು, ಚರಂಡಿಯ ಮಾತೆತ್ತಿದರು. 1959ರಲ್ಲಿ ಇಂಗ್ಲೆಂಡಿನ ಟಾರ್ಬೇ ಆಸ್ಪತ್ರೆ ಸೋಂಕು ನಿಯಂತ್ರಣಕ್ಕೆಂದೇ ಒಬ್ಬ ನರ್ಸನ್ನು ನೇಮಿಸಿತು. ಇವರೆಲ್ಲರೂ ನೋಡಿದ್ದು ದಾಖಲಾಗಿ ಹಾಸಿಗೆ ಸೇರಿದ ರೋಗಿಗಳನ್ನು. ಆದರೆ ಕ್ಯಾಶುವಾಲ್ಟಿಗೆ, ಅಂದರೆ ತುರ್ತು ವಿಭಾಗಕ್ಕೆ, ಬರುವವರ ಕಾಯಿಲೆ ಏನೆಂದು ಯಾರಿಗೂ ಗೊತ್ತಿರುವುದಿಲ್ಲ. ಅವರನ್ನು ಮೊದಲು ಮುಟ್ಟುವವರು ಸಿಸ್ಟರ್‌ಗಳು.

ಈ ಅಜ್ಞಾತವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಂತೆ ಮಾಡಿದ್ದು ಎಚ್‌ಐವಿ. 1980ರ ದಶಕದಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ, ಪ್ರತಿಯೊಬ್ಬರ ರಕ್ತವನ್ನೂ ಸೋಂಕಿರಬಹುದಾದ ರಕ್ತವೆಂದೇ ಭಾವಿಸಿ ಕೆಲಸ ಮಾಡಬೇಕೆಂದಿತು. 1996ರಲ್ಲಿ ಈ ನಿಯಮವನ್ನು ದೇಹದ ಇತರ ಸ್ರಾವಗಳಿಗೂ ವಿಸ್ತರಿಸಿತು. ಸೂಜಿ ಚುಚ್ಚಿಕೊಂಡರೆ ಎಚ್‌ಐವಿ ತಗಲುವ ಸಂಭವ ಸುಮಾರು ಶೇ 0.3, ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ತಗಲುವ ಸಂಭವ ಶೇ 30ರವರೆಗೂ ಹೋಗಬಹುದು. ಒದ್ದಾಡುತ್ತಿರುವ ಗಾಯಾಳುವಿನ ಕೈ ಹಿಡಿದು ರಕ್ತನಾಳಕ್ಕೆ ಕ್ಯಾನುಲಾ (ಸಣ್ಣ ಕೊಳವೆ) ಹಾಕುವವರಿಗೆ ಇದು ಬರೀ ಅಂಕಿಯಲ್ಲ. ಇಂಥ ಆತುರದಲ್ಲಿ ಶುದ್ಧತೆಯ ಕ್ರಮ ತಪ್ಪಿದ್ದರೆ ಆ ಕ್ಯಾನುಲಾವನ್ನು 48 ಗಂಟೆಯೊಳಗೆ ಬದಲಿಸಬೇಕೆಂದು ಸಿಡಿಸಿ ಹೇಳುತ್ತದೆ. ತುರ್ತಿನಲ್ಲಿ ಹಾಕಿದ್ದೆಂದು ಕೇಸ್ ಶೀಟಿನಲ್ಲಿ ಬರೆಯದಿದ್ದರೆ ವಾರ್ಡಿನವರಿಗೆ ಅದು ತಿಳಿಯುವುದೇ ಇಲ್ಲ.

ಕೈ ತೊಳೆಯುವ ವಿಚಾರದಲ್ಲಿ ಜಿನೀವಾದ ಆಸ್ಪತ್ರೆಯ ವೈದ್ಯ ಡಿಡಿಯೆ ಪಿಟೆ ಅವರ ತಂಡದ ಕೆಲಸ ದೊಡ್ಡದು. ಹಾಸಿಗೆಯ ಪಕ್ಕದಲ್ಲೇ ಆಲ್ಕೋಹಾಲ್ ದ್ರಾವಣ ಇಟ್ಟು, ನಿರಂತರ ಪ್ರಚಾರ ಮಾಡಿದಾಗ ಅಲ್ಲಿ ಕೈ ಶುಚಿತ್ವದ ಪಾಲನೆ 1994ರ ಶೇ 48ರಿಂದ 1997ಕ್ಕೆ ಶೇ 66ಕ್ಕೇರಿತು. ಅದೇ ತಂಡ ಕಂಡ ಇನ್ನೊಂದು ಸಂಗತಿ ನನಗೆ ಹೆಚ್ಚು ಮುಖ್ಯ: ಗಂಟೆಯೊಂದರಲ್ಲಿ ಕೈ ತೊಳೆಯಬೇಕಾದ ಸಂದರ್ಭಗಳು ಹೆಚ್ಚಿದಷ್ಟೂ ಪಾಲನೆ ಕುಸಿಯುತ್ತದೆ. ಒಬ್ಬ ನರ್ಸ್ ಏಕಕಾಲಕ್ಕೆ ಹಲವು ಸ್ಟ್ರೆಚರ್‌ಗಳ ನಡುವೆ ಓಡಾಡುವಾಗ ಕೈ ತೊಳೆಯದ್ದನ್ನು ಅಶಿಸ್ತು ಎನ್ನುವುದು ಅನ್ಯಾಯ.

ಮುಂದಿನ ಪಾಠಗಳನ್ನು ಕಲಿಸಿದ್ದು ಸಾಂಕ್ರಾಮಿಕಗಳು. 2003ರ ಮಾರ್ಚ್‌ನಲ್ಲಿ ಟೊರಾಂಟೊದ ಆಸ್ಪತ್ರೆಯೊಂದರ ಜನನಿಬಿಡ ತುರ್ತು ವಿಭಾಗದಲ್ಲಿ ಒಬ್ಬ ರೋಗಿ ರಾತ್ರಿಯಿಡೀ ಕಾದರು. ಅವರಿಗಿದ್ದದ್ದು ಸಾರ್ಸ್ ಎಂಬ ಉಸಿರಾಟದ ಸೋಂಕು ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ಪಕ್ಕದವರಿಗೆ ಅಂಟಿ, ಅವರಿಂದ ಮುಂದಕ್ಕೆ ಹರಡಿ, ಕೆನಡಾದಲ್ಲಿ 44 ಮಂದಿ ಸತ್ತರು. ಅವರಲ್ಲಿ ಇಬ್ಬರು ನರ್ಸ್‌ಗಳಿದ್ದರು. ವಿಜ್ಞಾನ ಖಚಿತಪಡಿಸುವವರೆಗೆ ಕಾಯದೆ ಸಿಬ್ಬಂದಿಗೆ ರಕ್ಷಣೆ ಕೊಡಬೇಕೆಂದು ಇದರ ತನಿಖೆ ನಡೆಸಿದ ನ್ಯಾಯಮೂರ್ತಿ ಆರ್ಚಿ ಕ್ಯಾಂಪ್‌ಬೆಲ್ ಆಯೋಗ ಹೇಳಿತು. ಆದರೂ 2015ರ ಮೇ ಕೊನೆಯಲ್ಲಿ ಸೋಲ್‌ನ ಸ್ಯಾಮ್‌ಸಂಗ್ ಮೆಡಿಕಲ್ ಸೆಂಟರ್‌ನಲ್ಲಿ ಅದೇ ಕಥೆ. ಮೂರು ದಿನ ತುರ್ತು ವಿಭಾಗದಲ್ಲಿದ್ದ ಒಬ್ಬ ರೋಗಿಯಿಂದ 82 ಮಂದಿಗೆ ಮರ್ಸ್ ಎಂಬ ಇನ್ನೊಂದು ಉಸಿರಾಟದ ಸೋಂಕು ಹರಡಿತು. ಸಿಬ್ಬಂದಿ 8 ಮಂದಿ, ಇತರ ರೋಗಿಗಳು 33, ರೋಗಿಗಳ ಜೊತೆಗಿದ್ದವರೂ ನೋಡಲು ಬಂದವರೂ ಸೇರಿ 41. ನಮ್ಮ ಆಸ್ಪತ್ರೆಗಳಲ್ಲಿ ಒಬ್ಬ ರೋಗಿಯ ಹಿಂದೆ ಮನೆಮಂದಿಯೆಲ್ಲ ನುಗ್ಗುವುದನ್ನು ಕಂಡವರು ಈ ಕೊನೆಯ ಅಂಕಿಯನ್ನು ಎರಡು ಸಲ ಓದಬೇಕು.

ಇದು ದೂರದ ದೇಶಗಳ ಮಾತಾಗಿಯೂ ಉಳಿಯಲಿಲ್ಲ. 2018ರ ಮೇನಲ್ಲಿ ಕೋಯಿಕ್ಕೋಡ್‌ನಲ್ಲಿ ನಿಪಾ ವೈರಸ್ ಸೋಂಕು ಬಂತು. ಅದನ್ನು ಮೊದಲು ಗುರುತಿಸಿದ್ದು ನಮ್ಮ ಮಣಿಪಾಲದ ಪ್ರಯೋಗಾಲಯ. ಸೋಂಕಿತರಲ್ಲಿ ಹೆಚ್ಚಿನವರಿಗೆ ಅದು ತಗಲಿದ್ದು ಆಸ್ಪತ್ರೆಗಳೊಳಗೆ. ರೋಗದ ಹೆಸರು ತಿಳಿಯುವ ಮೊದಲೇ ಪೇರಾಂಬ್ರ ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲ ರೋಗಿಯ ಶುಶ್ರೂಷೆ ಮಾಡಿದ್ದ ನರ್ಸ್ ಲಿನಿ ಪುದುಶ್ಶೇರಿ ಮೇ 21ರಂದು ತೀರಿಕೊಂಡರು.

2020ರ ಜನವರಿಯಲ್ಲಿ, ಕೋವಿಡ್ ಹೊಸ್ತಿಲಲ್ಲಿದ್ದಾಗ, ಭಾರತ ಸೋಂಕು ತಡೆಯ ರಾಷ್ಟ್ರೀಯ ಮಾರ್ಗಸೂಚಿ ಹೊರತಂದಿತು. ಗ್ಲೌಸ್, ಮಾಸ್ಕ್, ಬಣ್ಣಬಣ್ಣದ ತ್ಯಾಜ್ಯ ಚೀಲಗಳ ತಿಳಿವಳಿಕೆ ಇಂದು ಎಲ್ಲೆಡೆ ಇದೆ. ಕೊರತೆ ಬೇರೆ ಕಡೆ: ಕೆಮ್ಮು-ಜ್ವರ ಇರುವವರನ್ನು ಬಾಗಿಲಲ್ಲೇ ಬೇರೆ ಮಾಡುವ ಜಾಗ, ಗಾಳಿಯಾಡುವ ಕೋಣೆ, ಹಾಸಿಗೆ ಸಿಗುವವರೆಗೆ ರೋಗಿ ಕ್ಯಾಶುವಾಲ್ಟಿಯಲ್ಲೇ ಉಳಿಯದಂಥ ವ್ಯವಸ್ಥೆ, ರಾತ್ರಿ ಪಾಳಿಗೂ ಸಾಕಾಗುವಷ್ಟು ನರ್ಸ್‌ಗಳು. ಪೋಸ್ಟರ್ ಅಂಟಿಸಿ, ತರಬೇತಿ ಕೊಟ್ಟು ಇವನ್ನು ತುಂಬಲಾಗದು. ಆಸ್ಪತ್ರೆ ನಡೆಸುವವರು ಮೊದಲು ಹಣ ಹಾಕಬೇಕಾದದ್ದು ಇಲ್ಲಿ. ರೋಗಿಯೊಡನೆ ಹೋಗುವ ನಾವು ಒಬ್ಬರೇ ಒಳಗೆ ಹೋಗಿ, ಉಳಿದವರು ಹೊರಗೆ ನಿಲ್ಲೋಣ.