ಕನ್ನಡ ಸಮಾಸಪದಗಳಲ್ಲಿ ಅಕ್ಷರ ವಿಭಜನೆ

ಕನ್ನಡ ಸಮಾಸಪದಗಳಲ್ಲಿ ಅಕ್ಷರ ವಿಭಜನೆ ಎಂದರೆ ಎರಡು ಅಥವಾ ಹೆಚ್ಚು ಪದಗಳು ಸೇರಿ ಆದ ದೀರ್ಘಪದವನ್ನು ಅಕ್ಷರಗಳಾಗಿಯೂ ಘಟಕಪದಗಳಾಗಿಯೂ ಬಿಡಿಸುವ ಕ್ರಮ. ಈ ಎರಡು ವಿಭಜನೆಗಳು ಯಾವಾಗಲೂ ಒಂದೇ ಸ್ಥಾನದಲ್ಲಿ ಬೀಳುವುದಿಲ್ಲ. ಪದಗಳು ಸಂಧಿಯಿಂದ ಬೆಸೆದಾಗ ಪದಗಳ ಗಡಿಯು ಒಂದೇ ಅಕ್ಷರದೊಳಗೆ ಅಡಗಬಹುದು.

== ಲಿಪಿಯ ಅಕ್ಷರ ಮತ್ತು ಉಚ್ಚಾರಣೆ ==
ಕನ್ನಡ ಲಿಪಿಯಲ್ಲಿ ವ್ಯಂಜನವೂ ಅದಕ್ಕೆ ಸೇರಿದ ಸ್ವರವೂ ಒಟ್ಟಾಗಿ ಒಂದು ಅಕ್ಷರವಾಗುತ್ತವೆ. 'ಕನ್ನಡ' ಎಂಬ ಪದವನ್ನು ಬರೆಹದಲ್ಲಿ ಕ-ನ್ನ-ಡ ಎಂದು ಬಿಡಿಸಿದರೆ, ಉಚ್ಚಾರಣೆಯಲ್ಲಿ ಅದು ಕನ್-ನ-ಡ ಎಂದಾಗುತ್ತದೆ. ಒತ್ತಕ್ಷರದ ಹಿಂದಿನ ಅಕ್ಷರವನ್ನು ಛಂದಸ್ಸಿನಲ್ಲಿ ಗುರು ಎಂದು ಎಣಿಸುವುದಕ್ಕೆ ಇದೇ ಕಾರಣ.

== ಘಟಕಪದಗಳ ಗಡಿ ==
ಬೆಳಗಾವಿ ಜಿಲ್ಲೆಯ ಗೋಕಾಕ ಮತ್ತು ಹುಕ್ಕೇರಿ ಭಾಗದ ಸ್ಥಳನಾಮಗಳು ಇದಕ್ಕೆ ಉತ್ತಮ ಉದಾಹರಣೆಗಳು.

* ಮಮದಾಪುರ: ಮ-ಮ-ದಾ-ಪು-ರ. 'ಪುರ' ಎಂಬ ಉತ್ತರಪದವು ಪೂರ್ಣ ಅಕ್ಷರದಿಂದ ಆರಂಭವಾಗುವುದರಿಂದ ಗಡಿ ಸ್ಪಷ್ಟವಾಗಿದೆ.
* ಯಮಕನಮರಡಿ: ಏಳು ಅಕ್ಷರಗಳಿದ್ದರೂ 'ಮರಡಿ' (ಚಿಕ್ಕ ಗುಡ್ಡ) ಸುಲಭವಾಗಿ ಬೇರ್ಪಡುತ್ತದೆ.
* ಸಂಕೇಶ್ವರ: 'ಈಶ್ವರ' ಎಂಬುದರ ಮೊದಲ ಸ್ವರವು ಗುಣಸಂಧಿಯಿಂದ 'ಕೇ' ಅಕ್ಷರದಲ್ಲಿ ಲೀನವಾಗಿದೆ.
* ಹುಕ್ಕೇರಿ: 'ಹೂವಿನ ಕೇರಿ' ಎಂಬುದರಿಂದ ಬಂದಿದೆ ಎಂಬ ವಿವರಣೆ ಪ್ರಚಲಿತವಾಗಿದೆ. ಅದನ್ನು ಒಪ್ಪಿದರೆ ಗಡಿಯು 'ಕ್ಕೇ' ಎಂಬ ಒತ್ತಕ್ಷರದಲ್ಲಿ ಬೀಳುತ್ತದೆ.

ನಾಡಿನ ಹಲವೆಡೆ ಕಾಣುವ 'ಹೊಸೂರು' (ಹೊಸ + ಊರು) ಲೋಪಸಂಧಿಗೆ ಉದಾಹರಣೆ. ಇಲ್ಲಿ ಗಡಿ 'ಸೂ' ಅಕ್ಷರದೊಳಗಿದೆ. 'ಮಳೆಗಾಲ' (ಮಳೆ + ಕಾಲ) ಪದದಲ್ಲಿ ಗಡಿ ಸ್ಪಷ್ಟವಿದ್ದರೂ ಆದೇಶಸಂಧಿಯಿಂದ ಉತ್ತರಪದದ ರೂಪ ಬದಲಾಗಿದೆ.

== ವ್ಯಾಕರಣ ಪರಂಪರೆ ==
13ನೇ ಶತಮಾನದ ಕೇಶಿರಾಜನ 'ಶಬ್ದಮಣಿದರ್ಪಣ'ದಲ್ಲಿ ಸಮಾಸಕ್ಕೆ ಪ್ರತ್ಯೇಕ ಪ್ರಕರಣವಿದೆ. ಸಂಸ್ಕೃತ ಪದದೊಡನೆ ಕನ್ನಡ ಪದ ಸೇರಿ ಆಗುವ ಸಮಾಸವನ್ನು ಅರಿಸಮಾಸವೆಂದು ಕರೆದು ಸಾಮಾನ್ಯವಾಗಿ ದೋಷವೆಂದು ಗಣಿಸಲಾಗಿದೆ. ಗಮಕ ಮತ್ತು ಕ್ರಿಯಾ ಸಮಾಸಗಳಿಗೆ ವಿನಾಯಿತಿಯಿದೆ.

== ಮುದ್ರಣ ಮತ್ತು ಗಣಕಯಂತ್ರ ==
ಡ್ಯಾನಿಶ್ ಭಾಷೆಯೂ ಸಮಾಸಗಳನ್ನು ಒಂದೇ ಪದವಾಗಿ ಬರೆಯುತ್ತದೆ. ಅಲ್ಲಿ ಸಾಲಿನ ಕೊನೆಯಲ್ಲಿ ದೀರ್ಘಪದವನ್ನು ಘಟಕಪದಗಳ ನಡುವೆ ಒಡೆಯುವುದು ಕ್ರಮ. ಕನ್ನಡದಲ್ಲಿ ಗುಣಿತಾಕ್ಷರವನ್ನಾಗಲಿ ಒತ್ತಕ್ಷರವನ್ನಾಗಲಿ ಒಡೆಯಲಾಗದು. ಹೀಗಾಗಿ 'ಹೊಸೂರು' ಪದವನ್ನು ಅದರ ಘಟಕಗಳ ಗಡಿಯಲ್ಲಿ ತುಂಡರಿಸಲು ಸಾಧ್ಯವಿಲ್ಲ. ಗಡಿ ಸ್ಪಷ್ಟವಿರುವೆಡೆ 'ಯಮಕನ-ಮರಡಿ' ಎಂದು ಒಡೆದರೆ ಓದು ಸುಗಮವಾಗುತ್ತದೆ; 'ಯಮಕನಮ-ರಡಿ' ಎಂದರೆ ಅರ್ಥ ತಡವಾಗಿ ಹೊಳೆಯುತ್ತದೆ.

ಯೂನಿಕೋಡ್ ಬರೆಹದಲ್ಲಿ ಎರಡು ಪದಗಳ ನಡುವೆ ಅನಗತ್ಯ ಒತ್ತಕ್ಷರ ಮೂಡದಂತೆ ಕಣ್ಣಿಗೆ ಕಾಣದ, ಶೂನ್ಯ ಅಗಲದ ಸಂಕೇತವೊಂದನ್ನು ಬಳಸುತ್ತಾರೆ. 'ರಾಜ್ಕುಮಾರ್' ಎಂದಾಗದೆ 'ರಾಜ್‌ಕುಮಾರ್' ಎಂದು ಮೂಡುವುದು ಇದರಿಂದಲೇ. ಪದಶೋಧದಲ್ಲಿಯೂ ಈ ವಿಷಯ ಮುಖ್ಯ: 'ಊರು' ಎಂದು ಹುಡುಕಿದರೆ ಅಕ್ಷರಗಳನ್ನಷ್ಟೇ ಹೋಲಿಸುವ ತಂತ್ರಾಂಶಕ್ಕೆ 'ಹೊಸೂರು' ಸಿಗುವುದಿಲ್ಲ. ಆದ್ದರಿಂದ ನಿಘಂಟು, ಕಾಗುಣಿತ ಪರೀಕ್ಷೆ ಮತ್ತು ಯಂತ್ರಾನುವಾದಗಳಿಗೆ ಸಂಧಿ ಬಿಡಿಸುವ ನಿಯಮಗಳು ಅಗತ್ಯವಾಗಿವೆ.

== ಇವನ್ನೂ ನೋಡಿ ==
* ಸಂಧಿ
* ಸಮಾಸ
* ಕನ್ನಡ ಛಂದಸ್ಸು