‘ಆರೊಬ್ಬರು’ ಎಂಬ ಮಾತು

ಚರಿತ್ರೆಯನ್ನು ಓದಿದವರಿಗೆ ನಂಗಲಿಯ ಹೆಸರು ಹೊಸದಲ್ಲ. 12ನೆಯ ಶತಮಾನದ ಹೊಯ್ಸಳ ವಿಷ್ಣುವರ್ಧನನ ರಾಜ್ಯದ ಎಲ್ಲೆಗಳನ್ನು ಹೇಳುವ ಶಾಸನಗಳು ಮೂಡಣ ದಿಕ್ಕಿಗೆ ನಂಗಲಿಯ ಘಟ್ಟವನ್ನು ಹೆಸರಿಸುತ್ತವೆ. ತಲಕಾಡು, ಕೊಂಗು, ನಂಗಲಿ ಎಂದು ಅವನು ಗೆದ್ದುಕೊಂಡ ನಾಡುಗಳ ಪಟ್ಟಿಯಲ್ಲಿಯೂ ಅದಕ್ಕೆ ಸ್ಥಾನವುಂಟು. ಇಂದು ಅದು ಮುಳಬಾಗಿಲು ತಾಲ್ಲೂಕಿನ ಒಂದು ಊರು. ಬೆಂಗಳೂರಿನಿಂದ ಚಿತ್ತೂರಿಗೆ ಹೋಗುವ ಹೆದ್ದಾರಿಯ ಬದಿಯಲ್ಲಿದೆ. ಅದನ್ನು ದಾಟಿದ ಸ್ವಲ್ಪ ಹೊತ್ತಿಗೆಲ್ಲ ಆಂಧ್ರಪ್ರದೇಶ. ಅಂದಿನಂತೆ ಇಂದೂ ಅದು ಎಲ್ಲೆಯ ಊರೇ.

ಆ ಕಡೆ ಒಮ್ಮೆ ಹೋಗಿದ್ದಾಗ ಒಂದು ಕೆರೆಯ ಏರಿಯ ಮೇಲೆ ಅರ್ಧ ಹೂತ ಕಲ್ಲೊಂದನ್ನು ಕಂಡೆ. ಪಕ್ಕದಲ್ಲಿ ದನ ಮೇಯಿಸುತ್ತಿದ್ದ ಯಜಮಾನರನ್ನು ಅದೇನೆಂದು ಕೇಳಿದೆ. “ಯಾರೋ ಹಾಕ್ಸಿರೋ ಕಲ್ಲು ಸ್ವಾಮಿ. ಓದಕ್ಕೆ ನಮ್ಮೂರಾಗೆ ಯಾರಿಗೂ ಬರಾಕಿಲ್ಲ. ಯಾರಾನ ಓದೋರಿದ್ರೆ ನಮಗೂ ಒಸಿ ಹೇಳಿ” ಎಂದರು. ನಾನು ಕುಳಿತು ಮಣ್ಣು ಒರೆಸಿದೆ. ಕೆಳಗಿನ ಸಾಲುಗಳು ನೆಲದೊಳಗಿದ್ದುವು, ಮೇಲಿನವು ಮಳೆಗೆ ಸವೆದಿದ್ದುವು. ನಡುವೆ ಸ್ಪಷ್ಟವಾಗಿ ಉಳಿದಿದ್ದುದು ಎರಡೇ ಮಾತು: ಒಂದು ‘ಆರೊಬ್ಬರು’, ಇನ್ನೊಂದು ‘ಕಪಿಲೆ’. ಶಾಸನಗಳನ್ನು ಓದಿ ಬಲ್ಲವರಿಗೆ ಇಷ್ಟರಿಂದಲೇ ಉಳಿದದ್ದನ್ನು ಊಹಿಸುವುದು ಕಷ್ಟವಲ್ಲ. ಈ ಧರ್ಮಕ್ಕೆ ಯಾರೇ ತಪ್ಪಿ ನಡೆದರೂ ಅವರಿಗೆ ಗಂಗೆಯ ತಡಿಯಲ್ಲಿ ಕಪಿಲೆಯನ್ನು ಕೊಂದ ಪಾಪ ಎಂಬ ಶಾಪಾಶಯ ಅದು. ವಿಜಯನಗರದ ಕಾಲದ ನೂರಾರು ಕಲ್ಲುಗಳು ಹೀಗೆಯೇ ಮುಗಿಯುತ್ತವೆ.

ಆ ಯಜಮಾನರ ಮಾತನ್ನು ಮತ್ತೊಮ್ಮೆ ಗಮನಿಸಬೇಕು. ಯಾರೋ, ಯಾರಿಗೂ, ಯಾರಾನ: ಮೂರೂ ‘ಯಾರು’ ಎಂಬ ಪ್ರಶ್ನೆಯಿಂದಲೇ ಹುಟ್ಟಿದವು, ಆದರೆ ಮೂರೂ ಪ್ರಶ್ನೆಗಳಲ್ಲ. ವ್ಯಾಕರಣದಲ್ಲಿ ಇವನ್ನು ಅನಿಶ್ಚಿತ ಸರ್ವನಾಮಗಳೆನ್ನಬಹುದು. ಪ್ರಶ್ನೆಯ ಪದಕ್ಕೆ ಒಂದು ಸಣ್ಣ ಬಾಲ ಅಂಟಿಕೊಂಡ ಕೂಡಲೆ ಅರ್ಥವೇ ಬೇರೆಯಾಗುತ್ತದೆ. ‘ಬಂದನೋ ಇಲ್ಲವೋ’ ಎನ್ನುವಾಗ ಸಂಶಯವನ್ನು ಸೂಚಿಸುವ ಓಕಾರ ‘ಯಾರು’ ಎಂಬುದಕ್ಕೆ ಸೇರಿದರೆ ಯಾರೋ. ಅಂದರೆ ಒಬ್ಬನಿದ್ದಾನೆ, ಆದರೆ ನನಗೆ ತಿಳಿಯದು, ಇಲ್ಲವೆ ಹೇಳಲೊಲ್ಲೆ. ‘ರಾಮನೂ ಲಕ್ಷ್ಮಣನೂ’ ಎಂದು ಕೂಡಿಸುವ ಊಕಾರ ಸೇರಿದರೆ ಯಾರೂ. ಅದು ‘ಇಲ್ಲ’ ಎಂಬುದರ ಜೊತೆಗೂಡಿ ಒಬ್ಬನನ್ನೂ ಬಿಡದೆ ಎಲ್ಲರನ್ನೂ ಹೊರಗಿಡುತ್ತದೆ. ‘ಆದರೂ’ ಸೇರಿದರೆ ಯಾರಾದರೂ: ಯಾರೇ ಆಗಲಿ, ಅವನು ಇನ್ನೂ ಹುಟ್ಟಿಲ್ಲದಿದ್ದರೂ ಸರಿಯೆ.

ಯಜಮಾನರು ‘ಯಾರಾದರೂ’ ಎನ್ನದೆ ‘ಯಾರಾನ’ ಎಂದುದು ನನಗೆ ಬಹಳ ರುಚಿಸಿತು. ನಮ್ಮ ಪಟ್ಟಣದ ಕಿವಿಗೆ ಅದು ಒರಟು ಮಾತು. ಹಳಗನ್ನಡವನ್ನು ಓದಿದವರಿಗಾದರೋ ‘ಏನಾನುಂ’, ‘ಆರಾನುಂ’ ಎಂಬ ರೂಪಗಳು ಪರಿಚಿತ. ಬಯಲುಸೀಮೆಯ ಹಳ್ಳಿಗಳಲ್ಲಿ ಇಂದಿಗೂ ಕೇಳುವ ‘ಏನಾನ’, ‘ಯಾರಾನ’ಗಳು ಅವುಗಳ ಮೊಮ್ಮಕ್ಕಳೇ ಎಂದು ನನಗೆ ತೋರುತ್ತದೆ. ಕವಿಗಳು ಕೈಬಿಟ್ಟುದನ್ನು ದನ ಕಾಯುವವರು ಇಟ್ಟುಕೊಂಡಿದ್ದಾರೆ. ನಂಗಲಿಯ ಸಂತೆಯಲ್ಲಿ ಪಕ್ಕದಲ್ಲಿ ನಿಂತವರು ತೆಲುಗಿನಲ್ಲಿ ಎವರೋ, ಎವರೂ, ಎವರೈನಾ ಎನ್ನುತ್ತಾರೆ. ಅಲ್ಲಿಯೂ ಓಕಾರ, ಊಕಾರ, ‘ಆದರೂ’ ಎಂಬ ಅರ್ಥದ ‘ಐನಾ’. ತಮಿಳಿನಲ್ಲಿಯೂ ಹೀಗೆಯೇ ಯಾರೋ, ಯಾರುಂ, ಯಾರಾವದು. ಎಲ್ಲೆ ರಾಜ್ಯಗಳ ನಡುವೆ ಇರಬಹುದು. ಈ ಸಣ್ಣ ಬಾಲಗಳ ನಡುವೆ ಇಲ್ಲ.

ಇಷ್ಟು ಸಣ್ಣ ಪದಗಳಲ್ಲಿ ಚರಿತ್ರೆ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಚರಿತ್ರೆ ಇರುವುದು ಆ ಕಲ್ಲಿನಲ್ಲಿ. ಕೆರೆಯೊಂದರ ಕೆಳಗಿನ ಗದ್ದೆಯನ್ನು ದತ್ತಿಯಾಗಿ ಬಿಟ್ಟ ಮನುಷ್ಯನಿಗೆ ಒಂದು ಭಯವಿರುತ್ತದೆ: ತಾನು ಸತ್ತ ಮೇಲೆ ಅದನ್ನು ಕಿತ್ತುಕೊಳ್ಳುವವನು ಯಾರು? ಅವನ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ, ಅವನು ಹುಟ್ಟಿಯೇ ಇಲ್ಲ. ಆದರೂ ಅವನೊಡನೆ ಮಾತಾಡಬೇಕು, ಅವನನ್ನು ಹೆದರಿಸಬೇಕು. ಅರಸನ ದಂಡು ಬರುವುದಕ್ಕೆ ಮುಂಚೆ ಆ ಗದ್ದೆಗೆ ಕಾವಲಿದ್ದುದು ಈ ಒಂದು ಪದ.

ಇದೇ ಭಯವನ್ನು ಇದೇ ಬಗೆಯ ಪದದಿಂದ ನಮಗಿಂತ ಬಹಳ ಹಿಂದೆ ಎದುರಿಸಿದವರು ಅನಟೋಲಿಯದ, ಎಂದರೆ ಇಂದಿನ ತುರ್ಕಿಯ, ಪ್ರಾಚೀನರು. ಅಲ್ಲಿನ ಬೊಗಾಜ್‌ಕೊಯ್ ಎಂಬಲ್ಲಿ 1906ರಲ್ಲಿ ಹ್ಯೂಗೊ ವಿಂಕ್ಲರ್ ಅಗೆಯಲು ತೊಡಗಿದಾಗ ಬೆಣೆಲಿಪಿಯ ಜೇಡಿಮಣ್ಣಿನ ಫಲಕಗಳು ರಾಶಿರಾಶಿಯಾಗಿ ದೊರೆತುವು. ಆ ಸ್ಥಳ ಹಿಟ್ಟೈಟರ ರಾಜಧಾನಿ ಹತ್ತುಸ. ಲಿಪಿಯನ್ನು ಓದಬಹುದಾಗಿತ್ತು, ಭಾಷೆ ಯಾವುದೆಂದು ತಿಳಿದಿರಲಿಲ್ಲ. 1915ರಲ್ಲಿ ಚೆಕ್ ವಿದ್ವಾಂಸ ಬೆದ್ರಿಚ್ ಹ್ರೋಜ್ನಿ ಅದು ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳ ಬಳಗಕ್ಕೆ ಸೇರಿದ್ದೆಂದು ತೋರಿಸಿಕೊಟ್ಟನು. ನೀರಿಗೆ ಆ ಭಾಷೆಯಲ್ಲಿ ‘ವಾತರ್’ ಎನ್ನುತ್ತಾರೆ. ಇಂಗ್ಲಿಷ್ ಬಲ್ಲ ಯಾರಿಗೂ ಅದರ ಅರ್ಥ ಹೇಳಿಕೊಡಬೇಕಾಗಿಲ್ಲ.

ಹಿಟ್ಟೈಟ್ ಭಾಷೆಯಲ್ಲಿ ‘ಯಾರು’ ಎಂಬುದಕ್ಕೆ ‘ಕ್ವಿಸ್’. ಅದಕ್ಕೆ ‘ಕಿ’ ಎಂಬ ಬಾಲ ಸೇರಿದರೆ ‘ಕ್ವಿಸ್ಕಿ’: ಯಾರೋ ಒಬ್ಬ, ಯಾರಾದರೂ. ‘ನತ್ತ’ ಎಂಬ ನಿಷೇಧದೊಡನೆ ಬಂದರೆ ಅದೇ ‘ಯಾರೂ ಇಲ್ಲ’ ಆಗುತ್ತದೆ. ‘ಮತ್ತು’, ‘ಕೂಡ’ ಎಂಬ ಅರ್ಥದ ಅವ್ಯಯ ಸೇರಿದರೆ ‘ಕ್ವಿಸ್ಸ’: ಪ್ರತಿಯೊಬ್ಬನೂ. ಕೂಡಿಸುವ ಊಕಾರವನ್ನು ಪ್ರಶ್ನೆಯ ಪದಕ್ಕೆ ಹಚ್ಚಿ ನಾವು ಮಾಡಿಕೊಂಡದ್ದನ್ನೇ, ನಮ್ಮೊಡನೆ ಯಾವ ನಂಟೂ ಇಲ್ಲದ ಆ ಜನ ಮಾಡಿಕೊಂಡಿದ್ದಾರೆ. ಅವರ ನೆರೆಯ ಲೂವಿಯನ್ ಭಾಷೆಯಲ್ಲಿಯೂ ‘ಮತ್ತು’ ಎಂಬರ್ಥದ ‘ಹ’ ಸೇರಿ ‘ಕ್ವಿಸ್‌ಹ’ ಆಗುತ್ತದೆ. ಅಲ್ಲಿ ಅದರ ಅರ್ಥ ‘ಯಾರಾದರೂ’. ಸಂಸ್ಕೃತದ ‘ಕಶ್ಚಿತ್’, ‘ಕೋಽಪಿ’ಗಳು ಈ ಮನೆತನದವೇ. ಮೇಘದೂತದ ಮೊದಲ ಪದವೇ ‘ಕಶ್ಚಿತ್’ ಎಂಬುದನ್ನು ರಸಿಕರು ನೆನೆಯಬಹುದು. ಯಕ್ಷನಿಗೆ ಕಾಳಿದಾಸ ಹೆಸರನ್ನೇ ಕೊಡಲಿಲ್ಲ. ‘ಯಾರೋ ಒಬ್ಬ’ ಎಂದು ಬಿಟ್ಟ. ರಷ್ಯನ್ನರು ‘ಯಾರಾದರೂ’ ಎನ್ನಲು ‘ಕ್ತೊ-ನಿಬುದ್’ ಎನ್ನುತ್ತಾರೆ. ಅದರ ಬಾಲದ ಮೂಲದಲ್ಲಿರುವುದೂ ನಮ್ಮ ‘ಆಗು’ವಿನಂತಹ ಕ್ರಿಯಾಪದವೇ.

ಆದರೆ ಹಿಟ್ಟೈಟರ ‘ಕ್ವಿಸ್ಕಿ’ ಕಾವ್ಯದ ‘ಕಶ್ಚಿತ್’ ಅಲ್ಲ. ಅದು ನ್ಯಾಯಸ್ಥಾನದ ಪದ. ಕ್ರಿಸ್ತಪೂರ್ವ 17-16ನೆಯ ಶತಮಾನಗಳಷ್ಟು ಹಳೆಯದಾದ ಅವರ ಕಾನೂನಿನ ಫಲಕಗಳಲ್ಲಿ ಸುಮಾರು 200 ವಿಧಿಗಳಿವೆ. ‘ತಕ್ಕು’ ಎಂದರೆ ‘ಆದರೆ’ ಎಂಬ ಷರತ್ತಿನ ಪದ. ‘ತಕ್ಕು’ ಮತ್ತು ‘ಕ್ವಿಸ್ಕಿ’, ಈ ಎರಡೂ ಕೂಡಿ ವಿಧಿಯ ನಂತರ ವಿಧಿಯನ್ನು ಹೊತ್ತು ನಡೆಯುತ್ತವೆ. ಜಗಳದಲ್ಲಿ ಯಾರಾದರೂ ಗಂಡಸನ್ನಾಗಲಿ ಹೆಂಗಸನ್ನಾಗಲಿ ಕೊಂದರೆ ನಾಲ್ವರು ಆಳುಗಳನ್ನು ಕೊಟ್ಟು ತೀರಿಸಬೇಕು ಎಂಬುದು ಮೊದಲನೆಯ ವಿಧಿ. ಸ್ವತಂತ್ರನ ಕಣ್ಣು ಕುರುಡು ಮಾಡಿದರೆ, ಹಲ್ಲು ಉದುರಿಸಿದರೆ, ಹಿಂದೆ ಒಂದು ಮಿನ ಬೆಳ್ಳಿ ತೆರಬೇಕಿತ್ತು, ಈಗ 20 ಶೆಕೆಲ್ ಎಂದು ಇನ್ನೊಂದು ವಿಧಿ ಹೇಳುತ್ತದೆ. ದಂಡ ಕಡಮೆಯಾಯಿತು, ‘ಹಿಂದೆ’ ಹೋಗಿ ‘ಈಗ’ ಬಂತು. ಕ್ವಿಸ್ಕಿ ಮಾತ್ರ ಕದಲಲಿಲ್ಲ.

ಇದಕ್ಕಿಂತಲೂ ನನ್ನನ್ನು ಹಿಡಿದು ನಿಲ್ಲಿಸಿದ್ದು ತೆಲಿಪಿನು ಎಂಬ ಅರಸನ ಶಾಸನ. ಕ್ರಿಸ್ತಪೂರ್ವ 1500ರ ಸುಮಾರಿನವನು. ಅವನಿಗೆ ಮುಂಚೆ ಸಿಂಹಾಸನಕ್ಕಾಗಿ ಅಣ್ಣತಮ್ಮಂದಿರು, ಭಾವಮೈದುನರು ಕೊಂದಾಡಿದ್ದರು. ಅವನು ಪಟ್ಟದ ಉತ್ತರಾಧಿಕಾರಕ್ಕೆ ಕ್ರಮವನ್ನು ವಿಧಿಸಿದ ಮೇಲೆ ಇನ್ನೊಂದು ಮಾತನ್ನೂ ಸೇರಿಸಿದ. ಇನ್ನು ಮುಂದೆ ಯಾವನೇ ಅರಸನಾಗಲಿ, ತನ್ನ ಒಡಹುಟ್ಟಿದವರಿಗೆ ಕೇಡು ಬಗೆದರೆ, ‘ಪಂಕು’ ಎಂಬ ಸಭೆಯವರು ಅವನಿಗೆ ನೇರವಾಗಿ ಹೇಳಬೇಕು, ರಕ್ತದ ಈ ಕಥೆಯನ್ನು ಫಲಕದಿಂದ ಓದಿಕೋ ಎನ್ನಬೇಕು. ಇಲ್ಲಿಯೂ ಕೆಲಸ ಮಾಡುವುದು ‘ಕ್ವಿಸ್’ ಎಂಬ ಪದವೇ. ಅರಸನೇ ಬರೆಸಿದ ಶಾಸನದಲ್ಲಿ ಅರಸನೂ ‘ಯಾವನೇ ಆಗಲಿ’ ಎಂಬುದರೊಳಗೆ ಸಿಕ್ಕಿಬಿದ್ದ.

ನಮ್ಮಲ್ಲಿಯೂ ಹಾಗೆಯೇ. ದತ್ತಿಶಾಸನಗಳ ಕೊನೆಯಲ್ಲಿ ಮತ್ತೆ ಮತ್ತೆ ಬರುವ ಸಂಸ್ಕೃತ ಶ್ಲೋಕವೊಂದಿದೆ. ಭೂಮಿಯನ್ನು ಅಪಹರಿಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದ ಹುಳುವಾಗುತ್ತಾನೆ ಎಂಬುದು ಅದರ ಆಶಯ. ನಾವು ಹುಳುವನ್ನು ನೋಡಿ ನಕ್ಕು ಮುಂದೆ ಹೋಗುತ್ತೇವೆ. ಆ ಶ್ಲೋಕದ ಮೊದಲನೆಯ ಷರತ್ತು ನಗುವಂಥದಲ್ಲ: ತಾನೇ ಕೊಟ್ಟದ್ದಾಗಲಿ, ಪರರು ಕೊಟ್ಟದ್ದಾಗಲಿ. ಕೊಟ್ಟವನೇ ಹಿಂದಕ್ಕೆ ತೆಗೆದುಕೊಂಡರೂ ಅವನು ಆ ‘ಯಃ’ ಎಂಬ ಸರ್ವನಾಮದ ಬಲೆಗೆ ಬೀಳುತ್ತಾನೆ.

ಒಂದು ಭೇದವನ್ನೂ ಹೇಳಬೇಕು. ಕನ್ನಡದ ಹಳೆಯ ಶಾಸನಗಳಿಗೆ ಈ ಸರ್ವನಾಮ ಅಷ್ಟಾಗಿ ಬೇಕಿರಲಿಲ್ಲ. 5ನೆಯ ಶತಮಾನದ ಹಲ್ಮಿಡಿ ಶಾಸನದಲ್ಲಿ ಅಪಹರಿಸುವವನನ್ನು ಸೂಚಿಸಲು ‘ಕಳ್ದೋನ್’ ಎಂಬ ಒಂದೇ ಪದ ಸಾಕಾಯಿತು. ಕದ್ದವನು, ಅಳಿದವನು, ಕಿಡಿಸಿದವನು: ಕ್ರಿಯೆಯಿಂದಲೇ ಮನುಷ್ಯನನ್ನು ಎರಕಹೊಯ್ಯುವ ಶಕ್ತಿ ನಮ್ಮ ಭಾಷೆಗಿದೆ. ಕೇಶಿರಾಜ ಇದನ್ನು ಕೃಲ್ಲಿಂಗವೆಂದು ಕರೆದ. ಅದು ತಪ್ಪನ್ನು ಮೊದಲು ಹೇಳಿ, ಆ ತಪ್ಪಿನ ಆಕಾರಕ್ಕೆ ಸರಿಯಾಗಿ ತಪ್ಪಿತಸ್ಥನನ್ನು ಮಾಡುತ್ತದೆ. ಹಿಟ್ಟೈಟರಿಗೆ ಆ ಸೌಕರ್ಯ ಅಷ್ಟಾಗಿರಲಿಲ್ಲ. ಅವರು ‘ಯಾವನು’ ಎಂದೇ ತೊಡಗಬೇಕಿತ್ತು. ಹಾಗಿದ್ದರೂ ಮುಂದೆ ನಮ್ಮ ಕಲ್ಲುಗಳಲ್ಲಿ ‘ಆವನಾನೊಬ್ಬನು’, ‘ಆರೊಬ್ಬರು’ ಹೆಚ್ಚಿದ್ದೇಕೆ? ಸಂಸ್ಕೃತದ ‘ಯಃ ಕಶ್ಚಿತ್’ನ ಅನುಕರಣೆ ಒಂದು ಕಾರಣವಿರಬಹುದು. ಊರಿಗೆ ಬಂದುಹೋಗುವ ಜನ, ಅಧಿಕಾರಿಗಳು, ಮತಗಳು ಹೆಚ್ಚಾಗಿ, ಯಾರನ್ನೂ ಹೊರಗೆ ಬಿಡದಂತೆ ಬಾಗಿಲು ಹಾಕಬೇಕಾದದ್ದು ಇನ್ನೊಂದು ಎಂದು ನನ್ನ ಊಹೆ. ದಖ್ಖನಿನ 16-17ನೆಯ ಶತಮಾನಗಳ ಕೆಲವು ಶಾಸನಗಳು ಹಿಂದೂವಿಗೆ ಗೋವಿನ ಶಾಪವನ್ನೂ ತುರುಕನಿಗೆ ಹಂದಿಯ ಶಾಪವನ್ನೂ ಬೇರೆಬೇರೆಯಾಗಿ ಬರೆದಿರುವುದನ್ನು ನೋಡಿದರೆ ಈ ಊಹೆ ತೀರ ಹುರುಳಿಲ್ಲದ್ದಲ್ಲ.

ಅನಟೋಲಿಯದ ಭಾಷೆಗಳು ಹಿಟ್ಟೈಟರೊಡನೆ ಸಾಯಲಿಲ್ಲ. ನೈಋತ್ಯ ಕರಾವಳಿಯ ಲಿಸಿಯ ದೇಶದವರು ಬಂಡೆಗಳಲ್ಲಿ ಸಮಾಧಿಗಳನ್ನು ಕೊರೆದು ಅವುಗಳ ಮೇಲೆ ಶಾಪಗಳನ್ನು ಬರೆದರು. ಹಿಟ್ಟೈಟರ ‘ಕ್ವಿ’ ಅವರ ಬಾಯಲ್ಲಿ ‘ತಿ’ ಆಗಿ, ‘ಯಾರಾದರೂ’ ಎಂಬುದು ‘ತಿಕೆ’ ಆಯಿತು. 1973ರಲ್ಲಿ ಅಲ್ಲಿನ ಲೆತೋನ್ ಎಂಬ ಪುಣ್ಯಸ್ಥಳದಲ್ಲಿ ಲಿಸಿಯನ್, ಗ್ರೀಕ್, ಅರಮಾಯಿಕ್ ಮೂರು ಭಾಷೆಗಳಲ್ಲಿ ಬರೆದ ಕಲ್ಲೊಂದು ಸಿಕ್ಕಿತು. ಕ್ರಿಸ್ತಪೂರ್ವ 4ನೆಯ ಶತಮಾನದ್ದು. ಅದನ್ನು ಓದಿದರೆ ಕೋಲಾರದ ಶಾಸನವನ್ನೇ ಓದಿದಂತೆ. ದೇವರಿಗೊಂದು ಪೀಠ, ವಂಶಪಾರಂಪರ್ಯದ ಅರ್ಚಕ, ದೇವರಿಗೆ ಬಿಟ್ಟ ಭೂಮಿ, ತಿಂಗಳಿಗೊಂದು ಕುರಿ, ವರ್ಷಕ್ಕೊಂದು ಎತ್ತು. ಕೊನೆಗೆ ಯಾರಾದರೂ ಇದನ್ನು ಕದಲಿಸಿದರೆ ದೇವರುಗಳ ಎದುರು ಪಾಪಿ.

ಮುಳಬಾಗಿಲು ತಾಲ್ಲೂಕಿನ ಶಾಸನಗಳನ್ನು ಬಿ. ಎಲ್. ರೈಸ್ 1905ರ ಕೋಲಾರ ಜಿಲ್ಲೆಯ ಸಂಪುಟದಲ್ಲಿ ಅಚ್ಚು ಮಾಡಿಸಿದ. ಪುಸ್ತಕಕ್ಕೆ ಬಂದವು ಉಳಿದುವು. ಏರಿಯ ಮೇಲಿನವಕ್ಕೆ ಆ ಭಾಗ್ಯವಿಲ್ಲ. ಅವುಗಳ ಶಾಪವನ್ನು ಓದುವವರಿಲ್ಲದೆ ಹೋದಾಗ ‘ಆರೊಬ್ಬರು’ ಎಂಬುದರ ಜಾಗಕ್ಕೆ ‘ಯಾರೋ’ ಬಂದು ಕೂರುತ್ತದೆ. ‘ಯಾರಾದರೂ ಒತ್ತುವರಿ ಮಾಡಿದರೆ’ ಎಂಬುದು ಕಾನೂನಿನ ಮಾತು. ‘ಯಾರೋ ಒತ್ತುವರಿ ಮಾಡಿದ್ದಾರೆ’ ಎಂಬುದು ಜಾರಿಕೊಳ್ಳುವ ಮಾತು. ಪತ್ರಿಕೆಗಳಲ್ಲಿ ‘ಯಾರೋ ದುಷ್ಕರ್ಮಿಗಳು’ ಎಂದು ಎಷ್ಟು ಸಲ ಓದಿಲ್ಲ!

ಅಂದು ಆ ಎರಡು ಮಾತುಗಳನ್ನು ಯಜಮಾನರಿಗೆ ಓದಿ ಹೇಳಿದೆ. “ಆರೊಬ್ಬರು ಅಂದ್ರೆ ಯಾರು ಸ್ವಾಮಿ?” ಎಂದರು. ಯಾರಾದರೂ ಸರಿ, ಈ ಕಲ್ಲು ಹಾಕಿಸಿದವರೂ ಸೇರಿ ಎಂದೆ. ಅವರು ಸ್ವಲ್ಪ ಹೊತ್ತು ಕೆರೆಯಂಗಳದ ಕಡೆ ನೋಡಿದರು. ಅಂಗಳದ ಒಂದು ಮೂಲೆಯಲ್ಲಿ ರಾಗಿ ತೆನೆ ಬಿಟ್ಟಿತ್ತು. “ಅದು ಯಾರ್ದು ಅಂತ ಊರಿಗೆಲ್ಲ ಗೊತ್ತು. ಕೇಳ್ನೋಡಿ, ಯಾರೋ ಬಿತ್ತವ್ರೆ ಅಂತಾರೆ” ಎಂದು ಮೆಲ್ಲಗೆ ಹೇಳಿದರು. ಆಮೇಲೆ ಕಲ್ಲಿನ ಬುಡವನ್ನು ಕೋಲಿನಿಂದ ಕೆದಕಿ, ಕೆಳಗೆ ಇನ್ನೂ ಅಕ್ಷರಗಳಿವೆಯೆ ಎಂದು ಕೇಳಿದರು. ಇರಬೇಕು ಎಂದೆ. “ಹಂಗಾದ್ರೆ ಮಳೆ ಬಿದ್ದು ಮಣ್ಣು ಮೆತ್ತಗಾದಾಗ ಬನ್ನಿ, ಗುದ್ದಲಿ ತತ್ತೀನಿ” ಎಂದರು.