ಟ್ಯಾಂಕಿನ ಹವಳ ಯಾಕೆ ಮುದುಡುತ್ತೆ? ಲಂಡನ್ನಿನ ಕಿಟಕಿಯಿಂದ ದಿಲ್‌ಸುಖ್‌ನಗರದವರೆಗೆ

ಈ ಸಲದ ಮಾತು ಹವಳದ ಬಗ್ಗೆ. ಉಂಗುರದಲ್ಲಿ ಕೂರುವ ಹವಳ ಅಲ್ಲ, ಜೀವಂತ ಹವಳ.

ದಿಲ್‌ಸುಖ್‌ನಗರದಿಂದ ಕಡಲಿಗೆ ಹತ್ತಿರತ್ತಿರ 300 ಕಿಲೋಮೀಟರ್. ಅಂಥ ಜಾಗದಲ್ಲಿ ಒಂದು ಫ್ಲಾಟಿನ ಹಾಲ್‌ನಲ್ಲಿ ಹವಳ ಸಾಕಬೇಕಂದ್ರೆ ಇಡೀ ಕಡಲನ್ನೇ ನೀವು ಕೈಯಾರೆ ಮಾಡಬೇಕು. ಮೊದಲ ಎರಡು ತಿಂಗಳು ಎಲ್ಲ ಚೆನ್ನಾಗಿರುತ್ತೆ. ಆಮೇಲೆ ಒಂದು ದಿನ ಪಾಲಿಪ್‌ಗಳು ಅರಳೋದಿಲ್ಲ. ಬುಡದಿಂದ ಬಿಳಿ ಎಲುಬು ಕಾಣಿಸೋಕೆ ಶುರುವಾಗುತ್ತೆ. ಆಗ ಹೆಚ್ಚಿನವರು ಮಾಡೋದೇನು? ಅಂಗಡಿಗೆ ಹೋಗಿ ಇನ್ನೊಂದು ಬಾಟಲಿ ಔಷಧಿ ತರ್ತಾರೆ.

ಸ್ವಲ್ಪ ತಡೀರಿ. ಹವಳವನ್ನು ಗಾಜಿನೊಳಗೆ ಬದುಕಿಸೋ ಪ್ರಯತ್ನಕ್ಕೆ 175 ವರ್ಷಕ್ಕೂ ಮೇಲ್ಪಟ್ಟ ಇತಿಹಾಸ ಇದೆ. ನಿಮ್ಮ ಟ್ಯಾಂಕಿನಲ್ಲಿ ಇವತ್ತು ಕೆಟ್ಟಿರೋದು ಹಿಂದೆ ಯಾರದೋ ತೊಟ್ಟಿಯಲ್ಲಿ ಕೆಟ್ಟಿದ್ದೇ. ಆ ಇತಿಹಾಸವನ್ನು ಕ್ರಮವಾಗಿ ಓದಿದರೆ ಅದೇ ಒಂದು ಚೆಕ್‌ಲಿಸ್ಟ್.

ಮೊದಲನೆಯದು, ಹವಳ ಒಂದು ಪ್ರಾಣಿ ಅನ್ನೋ ಮಾತು. 1720ರ ದಶಕದಲ್ಲಿ ಫ್ರಾನ್ಸಿನ ಮಾರ್ಸೇಲ್ ಊರಿನ ವೈದ್ಯ ಪೇಸೊನೆಲ್, ಹವಳದ 'ಹೂವು' ಕಡಲನೀರಿನಲ್ಲಿ ಅರಳಿ, ಮುಟ್ಟಿದರೆ ಮುದುಡೋದನ್ನು ನೋಡಿದ. ಇದು ಹೂವಲ್ಲ, ಪ್ರಾಣಿ ಅಂದ. ಪ್ಯಾರಿಸ್ಸಿನ ದೊಡ್ಡ ವಿಜ್ಞಾನಿ ರೆಯೊಮೂರ್‌ಗೆ ಇದು ಎಷ್ಟು ಅಸಂಬದ್ಧ ಅನ್ನಿಸಿತು ಅಂದ್ರೆ, ಅಕಾಡೆಮಿಯಲ್ಲಿ ವಿಷಯ ಹೇಳುವಾಗ ಪೇಸೊನೆಲ್ ಹೆಸರನ್ನೇ ಎತ್ತಲಿಲ್ಲ. ನಮಗೆ ಇದರಿಂದ ಸಿಗೋ ಪಾಠ ಇಷ್ಟು: ಮುದುಡೋದು ರೋಗವಲ್ಲ, ದೂರು. ಬರೀ ಮುದುಡಿದೆಯಾ, ಬಣ್ಣ ಬಿಳುಚಿದೆಯಾ, ಇಲ್ಲಾ ಮಾಂಸವೇ ಕಳಚ್ತಾ ಇದೆಯಾ? ಮೂರೂ ಬೇರೆ ಬೇರೆ. ಮೊದಲು ಅದನ್ನು ಗುರುತಿಸಿ.

ಎರಡನೆಯದು ಗಾಳಿ. 1846ರಲ್ಲಿ ಆನಾ ಥಿನ್ ಎಂಬಾಕೆ ಇಂಗ್ಲೆಂಡಿನ ಟಾರ್ಕಿ ಕರಾವಳಿಯಿಂದ ಸಣ್ಣ ಕಲ್ಲುಹವಳಗಳನ್ನು ಲಂಡನ್ನಿಗೆ ತಂದರು. ದಾರಿಯಲ್ಲಿ ಅಲುಗಾಡಬಾರದು ಅಂತ ಸೂಜಿ ದಾರದಿಂದ ಅವನ್ನು ಸ್ಪಂಜಿಗೆ ಹೊಲಿದಿದ್ದರು. ಮನೆಯ ಕೆಲಸದಾಕೆ ದಿನಾ ಅರ್ಧ ಮುಕ್ಕಾಲು ಗಂಟೆ, ತೆರೆದ ಕಿಟಕಿಯ ಮುಂದೆ ನಿಂತು ಆ ಕಡಲನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರೀತಾ ಇದ್ದಳು, ನಾವು ಕಾಫಿ ಆರಿಸಿದ ಹಾಗೆ. ಮುಂದಿನ ವರ್ಷ ಥಿನ್ ಕಡಲ ಸಸ್ಯಗಳನ್ನು ತರಿಸಿ ನೀರಿಗೆ ಹಾಕಿದರು. ಹವಳ ಬದುಕಿತು, ಸಂಖ್ಯೆಯಲ್ಲೂ ಹೆಚ್ಚಿತು. ಪಂಪ್ ಇಲ್ಲದ ಕಾಲದಲ್ಲಿ ಆ ಹೆಣ್ಣುಮಗಳ ತೋಳೇ ಪಂಪ್. ಇತಿಹಾಸದಲ್ಲಿ ಅವಳ ಹೆಸರು ಉಳಿದಿಲ್ಲ.

ಆ ತೆರೆದ ಕಿಟಕಿ ಮುಖ್ಯ. ಎಸಿ ಹಾಕಿ ಎಲ್ಲ ಮುಚ್ಚಿದ ಫ್ಲಾಟಿನಲ್ಲಿ ನಾಲ್ಕು ಜನ ಮಲಗಿದರೆ ಕೋಣೆಯಲ್ಲಿ ಕಾರ್ಬನ್ ಡೈಆಕ್ಸೈಡ್ ಏರುತ್ತೆ, ಅದು ನೀರಿನಲ್ಲಿ ಕರಗಿ ಪಿಎಚ್ ಇಳಿಸುತ್ತೆ. ಕರೆಂಟ್ ಹೋದರೆ ಪಂಪ್ ನಿಂತು ಆಮ್ಲಜನಕವೂ ಕಡಿಮೆಯಾಗುತ್ತೆ. ಹಾಗಾಗಿ ದುಬಾರಿ ಲೈಟಿಗಿಂತ ಮೊದಲು ಒಂದು ಬ್ಯಾಟರಿ ಏರ್ ಪಂಪ್ ತಗೊಳ್ಳಿ.

ಮೂರನೆಯದು ಬಿಸಿ. ಹವಳದ ಮೈಯೊಳಗೆ ಸೂಕ್ಷ್ಮ ಪಾಚಿ ವಾಸ ಮಾಡುತ್ತೆ. ಬೆಳಕಿನಿಂದ ಅಡುಗೆ ಮಾಡಿ ಹವಳಕ್ಕೂ ಬಡಿಸುತ್ತೆ. 1928-29ರಲ್ಲಿ ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫ್‌ಗೆ ಹೋದ ಯಂಗ್ ಅವರ ತಂಡ, ನೀರು ಬಿಸಿಯಾದಾಗ ಹವಳ ಈ ಪಾಚಿಯನ್ನು ಹೊರಗೆ ಹಾಕೋದನ್ನು ದಾಖಲಿಸಿತು. 1998ರಲ್ಲಿ ನಮ್ಮ ಲಕ್ಷದ್ವೀಪದ ಹವಳದ ದಿಬ್ಬಗಳು ಬಿಳುಚಿ ಸತ್ತದ್ದೂ ಇದೇ ಕಾರಣಕ್ಕೆ. 2010, 2016ರಲ್ಲಿ ಮತ್ತೆ ಅದೇ ಆಯ್ತು. ಟ್ಯಾಂಕಿಗೆ 24ರಿಂದ 27 ಡಿಗ್ರಿ ಸರಿ. ಹೈದರಾಬಾದಿನ ಮೇ ತಿಂಗಳಲ್ಲಿ, ನೀವು ಆಫೀಸಿನಲ್ಲಿದ್ದಾಗ ಮುಚ್ಚಿದ ಮನೆಯಲ್ಲಿ ನೀರು ಎಷ್ಟಕ್ಕೆ ಏರುತ್ತೆ ಅಂತ ಅಳೆದು ನೋಡಿ.

ನಾಲ್ಕನೆಯದು ಸುಣ್ಣ. 1960ರ ದಶಕದ ಆರಂಭದಲ್ಲಿ ಜಕಾರ್ತಾದ ಲೀ ಚಿನ್ ಎಂಗ್, ಜೀವಾಣುಗಳು ತುಂಬಿದ ಕಡಲ ಕಲ್ಲು, ಬಿಸಿಲು, ಗಾಳಿಗುಳ್ಳೆ, ಇಷ್ಟರಲ್ಲೇ ಹವಳ ಉಳಿಸಿ ತೋರಿಸಿದರು. ಕೊಳೆಯನ್ನು ಕಲ್ಲಿನ ಜೀವಾಣುಗಳೇ ನೋಡಿಕೊಂಡವು. ಆದರೆ ಉಳಿಯೋದು ಬೇರೆ, ಬೆಳೆಯೋದು ಬೇರೆ. ಹವಳ ಎಲುಬು ಕಟ್ಟೋಕೆ ನೀರಿನ ಸುಣ್ಣವನ್ನು ಎಳೆದುಕೊಳ್ಳುತ್ತೆ, ಅದನ್ನು ತುಂಬಿಕೊಡೋರು ಬೇಕಲ್ಲ? 1970ರ ದಶಕದಲ್ಲಿ ಪೀಟರ್ ವಿಲ್ಕೆನ್ಸ್ ಸುಣ್ಣದ ತಿಳಿನೀರನ್ನು ಹನಿಹನಿಯಾಗಿ ಬಿಡೋ ವಿಧಾನ ಹರಡಿದರು. ಎಲೆ ಅಡಿಕೆ ಜೊತೆ ನಾವು ಹಚ್ಚೋದೂ ಅದೇ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಹಾಗಂತ ಬೀಡಾ ಅಂಗಡಿ ಸುಣ್ಣ ಹಾಕಬೇಡಿ, ಅದರಲ್ಲಿ ಇನ್ನೇನು ಬೆರೆತಿದೆಯೋ ಗೊತ್ತಾಗಲ್ಲ. ಕ್ಯಾಲ್ಸಿಯಂ ಲೀಟರಿಗೆ 400ರಿಂದ 450 ಮಿಲಿಗ್ರಾಂ, ಮೆಗ್ನೀಸಿಯಂ 1300ರ ಆಸುಪಾಸು, ಕ್ಷಾರೀಯತೆ 8ರಿಂದ 9 ಡಿಕೆಎಚ್ ಇದ್ದರೆ ಸಾಕು. ಅಂಕಿಗಿಂತ ಮುಖ್ಯ ಸ್ಥಿರತೆ. ಕ್ಷಾರೀಯತೆ ದಿಢೀರನೆ ಏರಿಳಿದರೆ ಮಾಂಸ ಬುಡದಿಂದಲೇ ಕಳಚಬಹುದು.

ಇನ್ನು ನಮ್ಮ ಊರಿನ ನೀರು. ಹೈದರಾಬಾದಿನ ನೀರಿನ ಕಥೆಯಲ್ಲಿ ಕನ್ನಡಿಗರೊಬ್ಬರಿದ್ದಾರೆ. 1908ರ ಸೆಪ್ಟೆಂಬರಿನಲ್ಲಿ ಮೂಸಿ ಉಕ್ಕಿ ನಗರ ಮುಳುಗಿದಾಗ ನಿಜಾಮರ ಸರ್ಕಾರ ಕರೆಸಿದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಅವರ ಸಲಹೆಯಿಂದ ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಆದವು. ಮುಂದೆ ನಗರ ಬೆಳೀತು, ಆ ಕೆರೆಗಳು ಸಾಲಲಿಲ್ಲ. 2004ರಿಂದ ನಾಗಾರ್ಜುನ ಸಾಗರದ ಕೃಷ್ಣಾ ನೀರು ಬಂತು. ನಮ್ಮ ಬಾಗಲಕೋಟೆ, ರಾಯಚೂರು ದಾಟಿ ಬರುವ ನೀರು ಅದು. ಜೊತೆಗೆ ಬೋರ್‌ವೆಲ್, ಟ್ಯಾಂಕರ್. ಸಂಪಿನಲ್ಲಿ ಇವೆಲ್ಲ ಬೆರೆತಿರುತ್ತೆ, ಪ್ರತಿ ವಾರ ಪಾಲು ಬೇರೆ.

ಹಾಗಾಗಿ ನಲ್ಲಿ ನೀರಿಗೆ ಉಪ್ಪು ಬೆರೆಸಿದರೆ ಕಡಲಾಗಲ್ಲ. ಮನೆಯಲ್ಲಿ ಆರ್‌ಓ ಇದೆಯಲ್ಲ ಅಂತೀರಿ. ಕುಡಿಯುವ ನೀರಿನ ಎಷ್ಟೋ ಆರ್‌ಓಗಳು ರುಚಿಗೋಸ್ಕರ ಖನಿಜವನ್ನು ವಾಪಸ್ ಸೇರಿಸುತ್ತವೆ. ಟ್ಯಾಂಕಿಗೆ ಬೇಕಾದದ್ದು ಟಿಡಿಎಸ್ ಸೊನ್ನೆ ತೋರಿಸೋ ನೀರು. ಆವಿಯಾದಷ್ಟಕ್ಕೆ ಸಿಹಿನೀರನ್ನೇ ಸೇರಿಸಿ. ಉಪ್ಪುನೀರು ಸೇರಿಸಿದರೆ ಉಪ್ಪು ಏರ್ತಾನೇ ಹೋಗುತ್ತೆ. 35 ಪಿಪಿಟಿ ಇರಲಿ. ತಾಮ್ರದ ಕೊಡದ ನೀರು ನಮಗೆ ಶ್ರೇಷ್ಠ ಇರಬಹುದು, ಪಾಲಿಪ್‌ಗೆ ತಾಮ್ರ ವಿಷ. ಮೀನಿಗೆ ಹಾಕೋ ಕೆಲವು ಔಷಧಿಯಲ್ಲೂ ತಾಮ್ರ ಇರುತ್ತೆ, ಲೇಬಲ್ ಓದಿ.

ಈ ಕ್ರಮದಲ್ಲೇ ನೋಡ್ತಾ ಬನ್ನಿ: ಉಪ್ಪು, ಬಿಸಿ, ಗಾಳಿ, ಕ್ಷಾರೀಯತೆ, ಆಮೇಲೆ ನೈಟ್ರೇಟ್ ಮತ್ತು ಫಾಸ್ಫೇಟ್. ಕೊನೆಯ ಎರಡು ಪೂರ್ತಿ ಸೊನ್ನೆಯಾದರೂ ಹವಳ ಹಸಿವಿನಿಂದ ಬಿಳುಚುತ್ತೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಬರೆದಿಡಿ, ಕಾಯಿರಿ. ಶುಕ್ರವಾರ ಸಂಜೆ ಮೂರು ಚೇಂಜ್ ಒಟ್ಟಿಗೆ ಪ್ರೊಡಕ್ಷನ್‌ಗೆ ಹಾಕಿದರೆ ಏನಾಗುತ್ತೆ ಅಂತ ನಿಮಗೆ ನಾನು ಹೇಳಬೇಕಾ?

ಇನ್ನೊಂದು ಮಾತು. 2001ರಲ್ಲಿ ಭಾರತ ಸರ್ಕಾರ ದಿಬ್ಬ ಕಟ್ಟುವ ಹವಳಗಳನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಿತು, ಹುಲಿಯ ಪಕ್ಕಕ್ಕೆ. ನಮ್ಮ ಕಡಲಿಂದ ಕಿತ್ತು ತಂದದ್ದನ್ನು ಮಾರೋದೂ ಕೊಳ್ಳೋದೂ ಅಪರಾಧ. ಜಾತಿ ಯಾವುದು, ಎಲ್ಲಿಂದ ಬಂತು, ಕಾಗದ ಎಲ್ಲಿ ಅಂತ ಕೇಳಿ. ಉತ್ತರ ಸಿಗದಿದ್ದರೆ ಬರಿಗೈಲಿ ವಾಪಸ್ ಬನ್ನಿ. ಮುರುಡೇಶ್ವರದ ಆಚೆ ನೇತ್ರಾಣಿಯಲ್ಲಿ ಹವಳ ಇದ್ದಲ್ಲೇ ಇದೆ, ಹೋಗಿ ನೋಡಿಬರಬಹುದು.

ಈಗಾಗಲೇ ಮನೆಯಲ್ಲಿ ಒಂದು ಸತ್ತಿದ್ದರೆ, ಕಾರಣ ಸಿಗೋವರೆಗೆ ಆ ಜಾಗಕ್ಕೆ ಇನ್ನೊಂದು ತರಬೇಡಿ.